ಶನಿವಾರದ ಮಂಗಳಾರತಿ

ಟಕ್… ಟಕ್… ಟಕ್… ಟಕ್.

ಟ್ರಾನ್ಸಿಸ್ಟರ್ ರೇಡಿಯೊದ ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವೆ, ಯಾವ ಹಾಡೂ ಬಾರದ ಕಡೆ ನಿಲ್ಲಿಸಿ, ಅದನ್ನು ಕೆಲಸ ಮಾಡುತ್ತಿರುವ ಕಂಪ್ಯೂಟರ್ ಬೋರ್ಡಿನ ಪಕ್ಕದಲ್ಲಿಟ್ಟರೆ ಬರುತ್ತಿದ್ದ ಸದ್ದು ಅದು. ಬೋರ್ಡು ಒಂದೇ ಸಮನೆ ಓಡುತ್ತಿದ್ದರೆ ರೇಡಿಯೊ ಶಿಳ್ಳೆ ಹಾಕುತ್ತಿತ್ತು. ಯಾವುದಕ್ಕೋ ಕಾಯುತ್ತ ಕೂತಿದ್ದರೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಸ್ವಲ್ಪ ಓಡಿ, ಕಾದು, ಮತ್ತೆ ಸ್ವಲ್ಪ ಓಡಿದರೆ ಹೀಗೆ, ಟಕ್ ಟಕ್. ಲಕ್ಷಾಂತರ ಬೆಲೆಯ ಪರೀಕ್ಷಾ ಯಂತ್ರಗಳನ್ನು ಕೊಳ್ಳುವ ಶಕ್ತಿ ನಮ್ಮ ಕಂಪನಿಗೆ ಇರಲಿಲ್ಲ. ಡಾಕ್ಟರು ಎದೆಗೆ ಕಿವಿ ಕೊಟ್ಟ ಹಾಗೆ ನಾವು ರೇಡಿಯೊಗೆ ಕಿವಿ ಕೊಡುತ್ತಿದ್ದೆವು. ಅದನ್ನು ನನಗೆ ಕಲಿಸಿದವರು ನಮ್ಮ ಚೀಫ್ ಇಂಜಿನಿಯರು.

ಅವರು ಹೋದ ತಿಂಗಳು ತೀರಿಕೊಂಡರು. ಆ ಕಾಲದಲ್ಲಿ ನಮ್ಮ ವೈರಿಂಗ್ ಕೆಲಸ ನೋಡಿಕೊಳ್ಳುತ್ತಿದ್ದ ಗಂಗಾಧರ ಫೋನ್ ಮಾಡಿ ಹೇಳಿದ. ನಾನು "ಓ ಡಿಯರ್" ಅಂದೆ. ಅಂದ ಮೇಲೆ ಬಹಳ ಹೊತ್ತು ಆ ಎರಡು ಪದದ ಬಗ್ಗೆಯೇ ನಾಚಿಕೆಯಾಯಿತು. ಎಪ್ಪತ್ತು ದಾಟಿದರೂ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಇಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಬರುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ ಅವರೇ "ಹೆಸರು ಹಾಕೇ ಬರಿ" ಅನ್ನುತ್ತಿದ್ದರು. ಆದರೆ ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದಾರೆ. ನಾನು ಹೇಳಹೊರಟಿರುವ ನಾಚಿಕೆ ಅವರಿಗೆ ಸೇರಿದ್ದಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಂಪನಿ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಲೇತ್ ವರ್ಕ್‌ಷಾಪಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಕಬ್ಬಿಣ ಕೊರೆಯುವಾಗ ನಮ್ಮ ಟೀ ಲೋಟದಲ್ಲಿ ಸಣ್ಣ ಅಲೆ ಏಳುತ್ತಿತ್ತು. ನೀರು ಪಂಪ್ ಮಾಡುವ ಸ್ಟೇಷನ್ನುಗಳಿಗೆ ನಾವು ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ಪೈಪಿನ ಒತ್ತಡ ಎಷ್ಟು, ನೀರು ಎಷ್ಟು ಹರಿಯಿತು ಎಂದು ಅದು ದಿನವಿಡೀ ಅಳೆದು ಇಟ್ಟುಕೊಳ್ಳಬೇಕು, ಸಂಜೆ ಎಲ್ಲವನ್ನೂ ಕೇಬಲ್ಲಿನ ಮೂಲಕ ದೊಡ್ಡ ಕಂಪ್ಯೂಟರಿಗೆ ಕಳಿಸಬೇಕು. ಪೆಟ್ಟಿಗೆಯ ಒಳಗಿನ ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ಚೀಫ್ ಒಬ್ಬರೇ, ಮೊದಲಿನಿಂದ ಕೊನೆಯವರೆಗೆ, ಸ್ವಂತ ಕೈಯಿಂದ ಬರೆದಿದ್ದರು. ಕರ್ನಲ್ ಅನ್ನುತ್ತಿದ್ದೆವು. ಯಾವ ಕೆಲಸ ಯಾವಾಗ ನಡೆಯಬೇಕು, ಯಾವುದು ಮಲಗಬೇಕು, ಯಾವುದನ್ನು ಎಬ್ಬಿಸಬೇಕು ಎಂದು ಹೇಳುವ ಮನೆಯ ಯಜಮಾನನ ಹಾಗೆ ಅದು. ಅದಕ್ಕೆ ಇನ್ನೊಬ್ಬರು ಕೈ ಹಾಕುವ ಹಾಗಿರಲಿಲ್ಲ.

ನಾನು ಸೇರಿದ್ದು ಗತಿಯಿಲ್ಲದೆ. ಮದುವೆಗೆ ಮುಂಚೆ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದೆ. ನನ್ನ ಗಂಡನ ಫ್ಯಾಕ್ಟರಿ ಲಾಕೌಟ್ ಆಯಿತು. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಅವರು ದಿನವೂ ಶೇವ್ ಮಾಡಿಕೊಂಡು, ಇಸ್ತ್ರಿ ಷರ್ಟು ಹಾಕಿಕೊಂಡು, ಎಲ್ಲೂ ಹೋಗದೆ ಕೂತಿರುತ್ತಿದ್ದರು. ನಾನೇ ಹೊರಟೆ. ಆರು ತಿಂಗಳ ಪ್ರೊಬೇಷನ್ ಅಂದರು.

ಇಂಟರ್‌ವ್ಯೂನಲ್ಲಿ ಚೀಫ್ ನನ್ನ ಸರ್ಟಿಫಿಕೇಟುಗಳನ್ನು ತಿರುಗಿಸಿ ನೋಡಿ, "ಕಾನ್ವೆಂಟೋ?" ಅಂದರು.

"ಯೆಸ್ ಸಾರ್."

"ಅಲ್ಲಿ ತಪ್ಪು ಮಾಡಿದ್ರೆ ಏನ್ ಮಾಡ್ತಿದ್ರು?"

"ಕ್ಲಾಸಿನ ಹೊರಗೆ ನಿಲ್ಲಿಸ್ತಿದ್ರು ಸಾರ್."

"ಇಲ್ಲಿ ಒಳಗೇ ನಿಲ್ಲಿಸ್ತೀವಿ. ನಾಳೆಯಿಂದ ಬಾ."

ಅಂದಿನಿಂದ ನನ್ನ ಹೆಸರು ಕಾನ್ವೆಂಟು. "ಏನ್ ಕಾನ್ವೆಂಟು, ಎಕ್ಸ್‌ಕ್ಯೂಸ್ ಮೀ ಅಂದ್ರೆ ಪ್ರೋಗ್ರಾಮಿನೊಳಗಿನ ಬಗ್ಗು ಪಕ್ಕಕ್ಕೆ ಸರ್ಕೊಂಡ್ಬಿಡುತ್ತಾ?" ಎಂದು ಇಡೀ ಹಾಲಿಗೆ ಕೇಳುವ ಹಾಗೆ ಕೂಗುತ್ತಿದ್ದರು. ನನಗೆ ಉರಿಯುತ್ತಿತ್ತು. ಆದರೆ ಮಗಳಿಗೆ ಜ್ವರ ಬಂದು ನಾನು ಕಣ್ಣು ಕೆಂಪು ಮಾಡಿಕೊಂಡು ಬಂದ ದಿನ, ನನ್ನ ಚೀಲವನ್ನು ತಾವೇ ತಂದು ಟೇಬಲ್ ಮೇಲಿಟ್ಟು, "ಹೋಗ್ ತಾಯಿ. ಈ ಪೆಟ್ಗೆಗೆ ಜ್ವರ ಬರಲ್ಲ" ಎಂದು ಕಳಿಸಿದವರೂ ಅವರೇ.

ಅವರದು ಅತ್ತಿಗುಪ್ಪೆಯ ಹಳೆಯ ಬೇಸಾಯದ ಮನೆ. ಹೊಲಗಳೆಲ್ಲ ಸೈಟುಗಳಾಗಿದ್ದವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಕಿಟಕಿಯಿಂದ ಬೆರಳು ತೋರಿಸಿ, "ಆ ಡೆಂಟಿಸ್ಟ್ ಬೋರ್ಡ್ ಇದೆಯಲ್ಲ, ಅಲ್ಲಿ ನಮ್ಮ ಹುರುಳಿ ಬೆಳೀತಿತ್ತು" ಅನ್ನುತ್ತಿದ್ದರು. ದುಃಖದಿಂದಲ್ಲ, ವಿಳಾಸ ಹೇಳುವವರ ಹಾಗೆ. ಆ ಮನೆತನದಿಂದ ಇಂಜಿನಿಯರಿಂಗ್ ಓದಿದ ಮೊದಲಿಗರು. ಯಾವಾಗಲೂ ಬೂದು ಸಫಾರಿ, ಜೇಬಿನಲ್ಲಿ ಬಾಚಣಿಗೆ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಇದೇನು ಭಕ್ತಿಯೇ ಸಾರ್ ಎಂದರೆ, "ಭಕ್ತಿ ಅಲ್ಲ, ಕರೆಂಟು. ಬರಿಗಾಲಲ್ಲಿದ್ರೆ ಮೈಮೇಲಿನ ಚಾರ್ಜು ನೆಲಕ್ಕೆ ಹೋಗುತ್ತೆ, ಚಿಪ್ ಉಳಿಯುತ್ತೆ" ಎನ್ನುವರು. ಹಾಗೆಂದವರೇ ಮುಚ್ಚಳಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಶನಿವಾರ ಅರ್ಧ ದಿನ. ಹೊರಡುವ ಮುಂಚೆ ಎಲ್ಲರೂ ಕಪ್ಪು ಹಲಗೆಯ ಮುಂದೆ ಸೇರಬೇಕು. ಆ ವಾರ ಯಾರ ತಪ್ಪಿನಿಂದ ಕೆಲಸ ನಿಂತಿತೋ ಅವರು ಹಲಗೆಯ ಪಕ್ಕ ನಿಂತು ಮೂರು ಮಾತು ಹೇಳಬೇಕು: ನಾನು ಏನು ಮಾಡಿದೆ, ಏನು ಅಂದುಕೊಂಡು ಮಾಡಿದೆ, ಏನು ನೋಡಬೇಕಿತ್ತು. ನಡುವೆ "ಆದ್ರೆ" ಬರಕೂಡದು. ಬಂದರೆ ಮತ್ತೆ ಮೊದಲಿನಿಂದ. ಗಂಗಾಧರ ಇದಕ್ಕೆ ಮಂಗಳಾರತಿ ಎಂದು ಹೆಸರಿಟ್ಟಿದ್ದ. ಒಮ್ಮೆ ಅವನೇ ನಿಂತು, "ಸಾರ್, ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದೆ, ಸರಿ ಇದೆ ಅಂದ್ಕೊಂಡಿದ್ದೆ, ಹೊಗೆ ಬರೋಕ್ಕಿಂತ ಮುಂಚೆ ನೋಡ್ಬೇಕಿತ್ತು" ಎಂದು ಒಂದೇ ಉಸಿರಿಗೆ ಹೇಳಿ ಕೈ ಮುಗಿದಾಗ ಚೀಫ್ ಕೂಡ ನಕ್ಕಿದ್ದರು. ಅದರಲ್ಲಿ ದ್ವೇಷ ಇರಲಿಲ್ಲ. ಹೇಳಿ ಮುಗಿದರೆ ಮುಗಿಯಿತು. ಸೋಮವಾರ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಟು ಬಿ ಫೇರ್, ಅಷ್ಟು ಚೊಕ್ಕವಾದ ಜಾಗದಲ್ಲಿ ನಾನು ಮತ್ತೆ ಕೆಲಸ ಮಾಡಲಿಲ್ಲ. ಅವರ ತಪ್ಪು ಮಾತ್ರ ಯಾವ ಶನಿವಾರವೂ ಹಲಗೆಗೆ ಬಂದಿರಲಿಲ್ಲ. ಅವರು ತಪ್ಪು ಮಾಡಬಹುದು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ.

ಆ ವರ್ಷದ ಪೆಟ್ಟಿಗೆಗೆ ಮೊದಲ ಸಲ ಹೊಸ ರೀತಿಯ ನೆಟ್‌ವರ್ಕ್ ಕೇಬಲ್ ಹಾಕಿದೆವು, ಹೆಬ್ಬೆರಳಿನಷ್ಟು ದಪ್ಪದ ಹಳದಿ ಕೇಬಲ್ಲು. ದಿನದ ಲೆಕ್ಕವೆಲ್ಲ ಒಂದು ಬೈ-ಟು ಕಾಫಿ ಕುಡಿಯುವಷ್ಟರಲ್ಲಿ ಆಚೆ ಹೋಗಿಬಿಡುತ್ತದೆ ಎಂದು ಕಂಪನಿಯ ಯಜಮಾನರು ಗಿರಾಕಿಗಳಿಗೆ ಮಾತು ಕೊಟ್ಟಿದ್ದರು. ಕಳಿಸಿ ನೋಡಿದೆವು. ಕಾಫಿ ಆಯಿತು, ಊಟ ಆಯಿತು, ಗಂಗಾಧರ ಊಟದ ಮೇಲೆ ಒಂದು ನಿದ್ದೆಯನ್ನೂ ತೆಗೆದ. ಇನ್ನೂ ಹೋಗುತ್ತಲೇ ಇತ್ತು. "ಮೇಡಂ, ಇದನ್ನ ಬರೆದು ಬಸ್ಸಲ್ಲಿ ಕಳಿಸಿದ್ರೆ ಬೇಗ ಹೋಗುತ್ತೆ" ಅಂದ.

ಪೆಟ್ಟಿಗೆಯಿಂದ ಕಳಿಸುವ ಪ್ರೋಗ್ರಾಮ್ ನನ್ನದು. ಅದರ ಕೆಲಸ ಇಷ್ಟೇ: ಲೆಕ್ಕವನ್ನು ತುಂಡು ತುಂಡು ಮಾಡುವುದು, ಒಂದು ತುಂಡು ಕಳಿಸುವುದು, ಆಚೆ ಕಡೆಯ ಕಂಪ್ಯೂಟರು "ಬಂತು" ಎಂದು ಉತ್ತರ ಕೊಟ್ಟ ಮೇಲೆ ಮುಂದಿನ ತುಂಡು. ಉತ್ತರ ಬರುವವರೆಗೆ ನನ್ನ ಪ್ರೋಗ್ರಾಮ್ ಮಲಗಿರುತ್ತದೆ. ಬಂದಾಗ ಕರ್ನಲ್ ಎಬ್ಬಿಸುತ್ತದೆ.

ಮೊದಲು ಕೇಬಲ್ಲಿನ ಮೇಲೆ ಅನುಮಾನ. ಗಂಗಾಧರ ಅದರ ಉದ್ದಕ್ಕೂ ಮಂಡಿಯೂರಿ ನಡೆದು ಪ್ರತಿ ಕೀಲನ್ನೂ ಬಿಚ್ಚಿ ಹಾಕಿದ. ಎರಡೂ ತುದಿಯ ಮುಚ್ಚಳಗಳನ್ನು ಬದಲಾಯಿಸಿದ. ಏನೂ ಆಗಲಿಲ್ಲ. ನೆಟ್‌ವರ್ಕ್ ಕಾರ್ಡನ್ನು ಬದಲಾಯಿಸಿದೆವು. ಕೆಳಗಿನ ಲೇತಿನ ಕಾಟವಿರಬಹುದು ಎಂದು ವರ್ಕ್‌ಷಾಪಿನವರು ಮಿಷಿನ್ ನಿಲ್ಲಿಸಿದ ಹೊತ್ತಿನಲ್ಲಿ ಕಳಿಸಿ ನೋಡಿದೆವು. ಅಷ್ಟೇ ನಿಧಾನ. ಹಾಗಾದರೆ ಪ್ರೋಗ್ರಾಮೇ ಇರಬೇಕೆಂದು ನಾನು ನನ್ನದನ್ನು ಮೂರು ಸಲ ಹರಿದು ಬರೆದೆ. ಮನೆಯಲ್ಲಿ ಅನ್ನ ಸೀದರೆ ಅದೂ ನನ್ನ ಪ್ರೋಗ್ರಾಮಿನ ತಪ್ಪೇ ಅನ್ನಿಸುವಷ್ಟು ಗಾಬರಿ. ಗಿರಾಕಿಗಳು ಪರೀಕ್ಷೆಗೆ ಬರುವ ದಿನ ಹತ್ತಿರವಾಗುತ್ತಿತ್ತು, ನನ್ನ ಪ್ರೊಬೇಷನ್ನೂ ಮುಗಿಯುತ್ತ ಬಂದಿತ್ತು.

ಒಂದು ಮಧ್ಯಾಹ್ನ ಸುಮ್ಮನೆ ತುಂಡಿನ ಗಾತ್ರವನ್ನು ಎರಡು ಪಟ್ಟು ಮಾಡಿದೆ. ಒಟ್ಟು ಸಮಯ ಸರಿಯಾಗಿ ಅರ್ಧವಾಯಿತು. ಮೊದಲಿದ್ದ ಗಾತ್ರದ ಅರ್ಧ ಮಾಡಿದೆ, ಎರಡು ಪಟ್ಟಾಯಿತು. ಓಡಿಹೋಗಿ ಚೀಫ್‌ಗೆ ಹೇಳಿದೆ.

"ಸಾರ್, ತುಂಡು ದೊಡ್ಡದಿರಲಿ ಚಿಕ್ಕದಿರಲಿ, ಒಂದೊಂದಕ್ಕೂ ಅದೇ ಟೈಮ್ ತಗೊಳ್ತಾ ಇದೆ. ಇಟ್ಸ್ ಸೋ ಸ್ಟ್ರೇಂಜ್!"

ಅವರು ಎದ್ದು ಬಂದರು. ಚಪ್ಪಲಿ ಬಿಟ್ಟರು. ರೇಡಿಯೊವನ್ನು ಬೋರ್ಡಿನ ಪಕ್ಕ ಇಟ್ಟು ಕಿವಿ ಕೊಟ್ಟರು. ಟಕ್, ಟಕ್, ಟಕ್. ಕೇಬಲ್ಲಿನಲ್ಲಿ ದೋಷವಿದ್ದರೆ ಸದ್ದು ಒಮ್ಮೆ ಎಡವಬೇಕು, ಒಮ್ಮೆ ಓಡಬೇಕು. ಇದು ಭಜನೆಯ ತಾಳದ ಹಾಗೆ ಒಂದೇ ಸಮ. ಅವರು ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದರು. ನಾನು ಅವರ ಬೈತಲೆಯನ್ನೇ ನೋಡುತ್ತಿದ್ದೆ, ಈಗ ಏನೋ ಹೇಳುತ್ತಾರೆ ಎಂದು. ರೇಡಿಯೊ ಆರಿಸಿದರು.

"ಇರ್ಲಿ. ನೋಡ್ತೀನಿ" ಎಂದು ಹೊರಟುಹೋದರು. ಚಪ್ಪಲಿ ಅಲ್ಲೇ ಬಿಟ್ಟಿದ್ದರು. ನಾನೇ ತೆಗೆದುಕೊಂಡು ಹೋಗಿ ಅವರ ರೂಮಿನ ಬಾಗಿಲಲ್ಲಿಟ್ಟೆ.

ಆ ಶನಿವಾರ ಯಜಮಾನರೇ ಹಲಗೆಯ ಮುಂದೆ ಬಂದು ಕುರ್ಚಿ ಹಾಕಿಕೊಂಡು ಕೂತರು. ಒಳ್ಳೆಯವರೇ, ಆದರೆ ಹೆದರಿದ್ದರು. "ಚೀಫ್ ಸಾರ್, ಕಡ್ಡಿ ಮುರಿದ ಹಾಗೆ ಹೇಳ್ಬಿಡಿ. ತೊಂದರೆ ಎಲ್ಲಿದೆ?"

ಚೀಫ್ ಕಿಟಕಿಯ ಕಡೆ ನೋಡುತ್ತ, "ಕಳಿಸೋ ಪ್ರೋಗ್ರಾಮು" ಅಂದರು.

ನಾನು ಎದ್ದು ಹೋಗಿ ಹಲಗೆಯ ಪಕ್ಕ ನಿಂತೆ. ಕೈಯಲ್ಲಿ ಸೀಮೆಸುಣ್ಣ ಯಾಕೆ ಹಿಡಿದೆನೋ ಗೊತ್ತಿಲ್ಲ. ಮೂವತ್ತು ದಾಟಿದ ಹೆಂಗಸು, ಶಾಲೆಗೆ ಹೋಗುವ ಮಗಳಿರುವವಳು, ತಮ್ಮಂದಿರ ವಯಸ್ಸಿನ ಗಂಡಸರ ಮುಂದೆ. ನಾನು ಪ್ರೋಗ್ರಾಮನ್ನು ನಿಧಾನವಾಗಿ ಓಡುವ ಹಾಗೆ ಬರೆದೆ. ಸರಿಯಾಗಿದೆ ಅಂದುಕೊಂಡಿದ್ದೆ. ಎಲ್ಲಿ ಕಾಯುತ್ತಿದೆ ಅಂತ ನೋಡಬೇಕಿತ್ತು. ಮೂರನ್ನೂ ಹೇಳಿದೆ. "ಆದ್ರೆ" ಬರಲಿಲ್ಲ, ಏಕೆಂದರೆ ನಾನು ಅದನ್ನು ಪೂರ್ತಿ ನಂಬಿದ್ದೆ. ಯಾರೂ ಜೋಕು ಮಾಡಲಿಲ್ಲ. ಗಂಗಾಧರ ತಲೆ ತಗ್ಗಿಸಿ ವೈರು ಸುತ್ತುತ್ತ ಕೂತಿದ್ದ.

ಸೋಮವಾರ ಯಜಮಾನರು ಕರೆದು ಬಹಳ ಮರ್ಯಾದೆಯಿಂದ ಹೇಳಿದರು: "ಬೇಜಾರ್ ಮಾಡ್ಕೋಬೇಡಿಮ್ಮಾ. ಗಿರಾಕಿಗಳಿಗೆ ಏನೋ ಒಂದು ಉತ್ತರ ಹೇಳ್ಬೇಕು. ಈ ತಿಂಗಳ ಕೊನೆವರೆಗೆ ಬನ್ನಿ."

ಮನೆಯಲ್ಲಿ ಹೇಳಲಿಲ್ಲ. ಆ ವಾರವಿಡೀ ನಾನೂ ನನ್ನ ಗಂಡನ ಹಾಗೆ ಇಸ್ತ್ರಿ ಸೀರೆ ಉಟ್ಟು, ಲಕ್ಷಣವಾಗಿ ಬಾಚಿಕೊಂಡು, ಇಲ್ಲದ ಕೆಲಸಕ್ಕೆ ಹೊರಟವಳಂತೆ ಹೊರಟೆ. ಬಸ್ಸಿನಲ್ಲಿ ಚೀಫ್ ನನ್ನನ್ನು ಕಂಡರೆ ಹಿಂದಿನ ಸೀಟಿಗೆ ಹೋಗುತ್ತಿದ್ದರು. ನನ್ನ ಮೇಲಿನ ಅಸಹ್ಯ ಅಂದುಕೊಂಡೆ.

ಮುಂದಿನ ಶನಿವಾರ ಎಲ್ಲರೂ ಸೇರಿದಾಗ ಅವರು ಕೂರಲಿಲ್ಲ. ನೇರ ಹಲಗೆಯ ಪಕ್ಕ, ತಪ್ಪು ಮಾಡಿದವರು ನಿಲ್ಲುವ ಕಡೆ ಹೋಗಿ ನಿಂತರು. ಗಂಗಾಧರ ತಮಾಷೆ ಎಂದುಕೊಂಡು, "ಏನ್ ಸಾರ್, ಇವತ್ತು ದೇವ್ರಿಗೇ ಮಂಗಳಾರತಿನಾ?" ಅಂದ. ಯಾರೋ ಒಬ್ಬರು ನಕ್ಕರು, ಅಲ್ಲಿಗೇ ನಿಲ್ಲಿಸಿದರು.

"ನಾನು ಏನ್ ಮಾಡ್ದೆ" ಎಂದು ಚೀಫ್ ಶುರು ಮಾಡಿದರು. "ಆಚೆ ಕಡೆಯಿಂದ 'ಬಂತು' ಅನ್ನೋ ಉತ್ತರ ಕೂಡಲೇ ಬರ್ತಾ ಇದೆ. ಬಂದ ತಕ್ಷಣ ನನ್ನ ಕರ್ನಲ್ಲು ಕಾನ್ವೆಂಟಿನ ಪ್ರೋಗ್ರಾಮನ್ನ ಎಬ್ಬಿಸ್ಬೇಕು. ಎಬ್ಬಿಸಲ್ಲ. ಉತ್ತರಾನ ಟಪಾಲು ಡಬ್ಬಿಗೆ ಹಾಕುತ್ತೆ. ಪೆಟ್ಗೆ ಒಳಗಿನ ಗಡಿಯಾರ ಒಂದು ಸಲ ಹೊಡೆದಾಗ ಮಾತ್ರ ಡಬ್ಬಿ ತೆಗೆದು ನೋಡುತ್ತೆ. ಪ್ರತಿ ತುಂಡಿಗೂ ಒಂದು ಹೊಡೆತ ಕಾಯ್ಬೇಕು. ಅದೇ ಆ ಟಕ್ ಟಕ್."

ಮೂಗೊರೆಸಿಕೊಂಡರು.

"ಏನ್ ಅಂದ್ಕೊಂಡು ಮಾಡ್ದೆ. ಹಿಂದೆ ಒಂದು ಗಿರಣಿ ಮಿಷಿನ್ನಲ್ಲಿ ಸಿಗ್ನಲ್ಲುಗಳು ಒಂದೇ ಸಲ ನುಗ್ಗಿ ಎಲ್ಲಾ ಸ್ತಬ್ಧ ಆಗಿತ್ತು. ಹಂಗಾಗ್ಬಾರ್ದು ಅಂತ ಡಬ್ಬಿ ಇಟ್ಟೆ. ನಮ್ಮ ಹಳೇ ಪೆಟ್ಗೆಗಳಿಗೆ ಬರ್ತಿದ್ದಿದ್ದು ಗಂಟೆಗೊಂದು ಸಿಗ್ನಲ್ಲು. ಸರಿಹೋಯ್ತು. ಏನ್ ನೋಡ್ಬೇಕಿತ್ತು. ಕೇಬಲ್ಲು ಹೊಸದು ಹಾಕಿದಾಗ ಕರ್ನಲ್ಲು ಹಳೇದು ಅಂತ ನೋಡ್ಬೇಕಿತ್ತು."

ಮೂರು ಮಾತೂ ಆಯಿತು. ಯಜಮಾನರು ಎದ್ದು, "ಅಯ್ಯೋ, ಬಿಡಿ ಸಾರ್, ನಿಮ್ಮಂಥೋರು ಹಂಗೆಲ್ಲ ನಿಂತ್ಕೋಬಾರ್ದು. ಸಿಕ್ತಲ್ಲ, ಸರಿ ಮಾಡಿದ್ರಾಯ್ತು" ಅಂದರು.

"ಕೂತ್ಕೊಳ್ಳಿ ಸಾರ್. ಇನ್ನೊಂದಿದೆ."

ಅವರು ನನ್ನ ಕಡೆ ತಿರುಗಿದರು. ನಾನು ನನ್ನ ಕಾಲುಂಗುರ ನೋಡುತ್ತಿದ್ದೆ.

"ಇದು ನನಗೆ ಇವತ್ತು ಗೊತ್ತಾಗಿದ್ದಲ್ಲ. ಈಯಮ್ಮ ತುಂಡಿನ ವಿಷಯ ಬಂದು ಹೇಳಿ, ನಾನು ರೇಡಿಯೊ ಇಟ್ಟೆನಲ್ಲ, ಆವಾಗ್ಲೇ ಗೊತ್ತಾಯ್ತು. ಹೋದ ಶನಿವಾರ ಈಯಮ್ಮ ಇಲ್ಲಿ ಸೀಮೆಸುಣ್ಣ ಹಿಡ್ಕೊಂಡು ನಿಂತಿದ್ದಾಗ ನನಗೆ ಗೊತ್ತಿತ್ತು. ಕೆಲಸದಿಂದ ತೆಗೀತಾರೆ ಅಂದಾಗ್ಲೂ ಗೊತ್ತಿತ್ತು. ಯಾರಿಗೂ ತಿಳೀದ ಹಾಗೆ ಸರಿ ಮಾಡ್ಬಿಡೋಣ ಅಂತ ದಿನಾ ಕರ್ನಲ್ ಮುಂದೆ ಕೂತೆ. ಕೈ ಓಡ್ಲಿಲ್ಲ."

ಕಾನ್ವೆಂಟಿನಲ್ಲಿ ಯಾರಾದರೂ ಸಾರಿ ಅಂದರೆ ಹೇಳಲು ಒಂದು ಮಾತು ಕಲಿಸಿರುತ್ತಾರೆ. ಅದೇ ಬಂತು.

"ಇಟ್ಸ್ ಆಲ್‌ರೈಟ್ ಸಾರ್."

"ಆಲ್‌ರೈಟ್ ಅಲ್ಲ. ಹಂಗನ್ಬೇಡ."

ಅಷ್ಟು ಹೇಳಿ ಅವರು ಅಲ್ಲೇ ನಿಂತಿದ್ದರು. ಬೇರೆಯವರಿಗಾದರೆ "ಸರಿ, ಹೋಗಿ ಕೂತ್ಕೊ" ಎನ್ನಲು ಅವರಿದ್ದರು. ಅವರಿಗೆ ಹಾಗೆನ್ನಲು ನಮ್ಮಲ್ಲಿ ಯಾರೂ ಇರಲಿಲ್ಲ. ನಾವೆಲ್ಲ ಒಬ್ಬೊಬ್ಬರಾಗಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆವು. ನನ್ನ ಅವಮಾನದ ದಿನಕ್ಕಿಂತ ಅವತ್ತು ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ಐ ವಾಸ್ ಮಾರ್ಟಿಫೈಡ್. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಯೋಚಿಸುತ್ತ ಬಸವೇಶ್ವರನಗರದವರೆಗೆ ನಡೆದೇ ಹೋದೆ.

ಕೆಲವೇ ಸಾಲುಗಳ ತಿದ್ದುಪಡಿ. ಉತ್ತರ ಬಂದ ಕೂಡಲೇ ಎಬ್ಬಿಸುವ ಹಾಗೆ ಬರೆದು, ಹೊಸ ಚಿಪ್ಪಿಗೆ ಹಾಕಿ ಕೂರಿಸಿದರು. ಗಂಗಾಧರ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಲೆಕ್ಕವೆಲ್ಲ ಆಚೆ ಸೇರಿತ್ತು. ಗಿರಾಕಿಗಳು ಪರೀಕ್ಷೆ ಮಾಡಿ ಕೈ ಕುಲುಕಿದರು. ನನ್ನ ಕೆಲಸ ಖಾಯಂ ಆಯಿತು.

ಅವರು ಮಾತ್ರ ಮೊದಲಿನಂತಾಗಲಿಲ್ಲ. ಹೇಳಿ ಮುಗಿದರೆ ಮುಗಿಯಿತು ಎಂಬ ನಿಯಮ ಎಲ್ಲರಿಗೂ ಸಲ್ಲುತ್ತಿತ್ತು, ಆ ನಿಯಮ ಮಾಡಿದವರಿಗೇ ಸಲ್ಲಲಿಲ್ಲ. ಶನಿವಾರ ನಮ್ಮನ್ನು ಸೇರಿಸುವುದನ್ನು ನಿಲ್ಲಿಸಿದರು. ನನ್ನನ್ನು ಮೇಡಂ ಎಂದು ಕರೆಯತೊಡಗಿದರು. "ಮೇಡಂ, ಈ ಸಾಲು ಸರಿ ಇದೆಯಾ, ಒಂಚೂರು ನೋಡ್ತೀರಾ?" ಎಂದು ನನ್ನ ಟೇಬಲ್ಲಿನ ಪಕ್ಕ ಬಂದು ನಿಲ್ಲುವರು. ಕೂತ್ಕೊಳ್ಳಿ ಸಾರ್ ಎಂದರೂ ಕೂರರು. ಅವರು ಬೈಯಲಿ ಎಂದು ನಾನು ಒಮ್ಮೆ ಬೇಕೆಂದೇ ಒಂದು ಪೆದ್ದು ಪ್ರಶ್ನೆ ಕೇಳಿದೆ. ತಾಳ್ಮೆಯಿಂದ ಉತ್ತರ ಹೇಳಿದರು. ಆ ತಾಳ್ಮೆಯನ್ನು ನೋಡಲಾಗಲಿಲ್ಲ.

ಮುಂದಿನ ವರ್ಷ ಕೆಂಗೇರಿ ಕಡೆ ಯಾವುದೋ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಹೋದರು. ಅವರ ರೂಮನ್ನೂ ಕರ್ನಲ್ಲನ್ನೂ ಯಜಮಾನರು ನನಗೆ ಕೊಟ್ಟರು. ಆ ಕುರ್ಚಿಯಲ್ಲಿ ನಾನು ಬಹಳ ವರ್ಷ ಕೂತೆ. ಕರ್ನಲ್ಲನ್ನು ಓದುತ್ತ ಹೋದ ಹಾಗೆ, ಒಂದೊಂದು ತಿರುವಿನಲ್ಲೂ ಎಷ್ಟು ಮುಂದಾಲೋಚನೆ ಇಟ್ಟು ಬರೆದಿದ್ದರು ಎಂದು ಕಾಣುತ್ತಿತ್ತು. ಹೇಳೋಣವೆಂದರೆ ಅವರಿರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಆರ್‌ಪಿಸಿ ಲೇಔಟಿನ ಕಲ್ಯಾಣ ಮಂಟಪದಲ್ಲಿ, ಗಂಗಾಧರನ ಮದುವೆಗೆ. ಗಂಗಾಧರನಿಗೆ ತಂದೆ ಇರಲಿಲ್ಲವಾದ್ದರಿಂದ ಚೀಫೇ ಹಿರಿಯರಾಗಿ ನಿಂತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರಂತೆ. ನನಗದು ಗೊತ್ತಿರಲಿಲ್ಲ. ಊಟ ಮುಗಿಸಿ ಎಂಜಲು ಕೈ ಹಿಡಿದುಕೊಂಡು ಹಿತ್ತಲ ಕಡೆ ಹೋದರೆ ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ಜನ ಸಾಲಾಗಿ ನಿಂತಿದ್ದರು. ಸಾಲಿನ ಆ ತುದಿಯಲ್ಲಿ, ಪಂಚೆಯನ್ನು ಮಂಡಿಗೆ ಕಟ್ಟಿಕೊಂಡು, ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ಮೊಗೆದು ಒಬ್ಬೊಬ್ಬರ ಕೈಗೂ ಹಾಕುತ್ತಿದ್ದವರು ಅವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಂದಕ್ಕೆ ಹೋಗೋಣವೆಂದರೆ ಹಿಂದೆಯೂ ಜನ.

ನನ್ನ ಸರದಿ ಬಂತು. ಅವರು ತಲೆಯೆತ್ತಿ ನೋಡಿದರು.

"ಊಟ ಆಯ್ತಾ ಮೇಡಂ?"

"ಆಯ್ತು ಸಾರ್. ನೀವು ಹಾಕ್ಬೇಡಿ, ಪ್ಲೀಸ್. ಕೊಡಿ, ನಾನೇ ಹಾಕ್ಕೊಳ್ತೀನಿ."

"ಎಂಜಲು ಕೈಯಲ್ಲಿ ಚೊಂಬು ಮುಟ್ಟೋಕಾಗುತ್ತಾ? ಹಿಡೀರಿ."

ಹಿಡಿದೆ. ಅವರು ಬಗ್ಗಿ, ಸೀರೆಗೆ ಸಿಡಿಯದ ಹಾಗೆ ನಿಧಾನವಾಗಿ ಹುಯ್ದರು. ನಾನು, "ಸಾರ್, ಆವತ್ತಿನ ವಿಷಯ ನಾನು ಮರೆತೇಬಿಟ್ಟಿದೀನಿ" ಅಂದೆ. ಅವರು ನನ್ನ ಕೈಯನ್ನೇ ನೋಡುತ್ತ, "ಬೆರಳ ಸಂದೀಲಿ ಅನ್ನ ಇದೆ ನೋಡಿ" ಎಂದು ಇನ್ನೊಂದು ಚೊಂಬು ಮೊಗೆದರು. ಅದನ್ನೂ ಪೂರ್ತಿ ಹುಯ್ದರು. ಚೊಂಬು ಬರಿದಾದ ಮೇಲೂ ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಅವರು ಆಗಲೇ ಮತ್ತೆ ಮೊಗೆದು, ನನ್ನ ಹಿಂದಿದ್ದವರ ಕಡೆ ನೋಡುತ್ತಿದ್ದರು.

"ಸ್ವಲ್ಪ ಸರೀರಮ್ಮಾ" ಎಂದಿತು ಹಿಂದಿನಿಂದ ಯಾರದೋ ದನಿ. ಸರಿದೆ.